ಫ್ರೇಮ್ ಪೂಲ್‌ಗೆ ನೆಲ ಸಿದ್ಧ ಮಾಡುವುದು: ಬರೀ ಮಣ್ಣು, ಮರಳು, ಕ್ರಷರ್ ಡಸ್ಟ್, ಕಾಂಕ್ರೀಟ್ – ನಿಮ್ಮ ಜಾಗಕ್ಕೆ ಯಾವುದು?

ತೋಟದ ಮನೆಗೋ ಹೋಮ್‌ಸ್ಟೇಗೋ ಒಂದು ಫ್ರೇಮ್ ಪೂಲ್ ತರಿಸಬೇಕು ಅಂತಿದ್ದೀರಾ? ಆರ್ಡರ್ ಮಾಡುವ ಮೊದಲು ಹೋಗಿ ನೆಲ ನೋಡಿ. ಇಂಟೆಕ್ಸ್ ಕಂಪನಿಯದ್ದಿರಲಿ, ಬೆಸ್ಟ್‌ವೇ ಕಂಪನಿಯದ್ದಿರಲಿ, ಚೌಕಟ್ಟಿನ ಕಾಲುಗಳ ಮೇಲೆ ನಿಲ್ಲುವ ಈ ಪೂಲ್‌ಗಳಿಗೆಲ್ಲ ಗಟ್ಟಿಯಾದ ತಳ ಅಂತ ಒಂದು ಇರುವುದೇ ಇಲ್ಲ. ಕೆಳಗೆ ಇರುವುದು ನೀರು ಹಿಡಿಯುವ ಒಂದು ಪ್ಲಾಸ್ಟಿಕ್ ಹಾಳೆ, ಅಂದರೆ ಲೈನರ್, ಅಷ್ಟೇ. ನೆಲ ಹೇಗಿದೆಯೋ ಪೂಲ್‌ನ ತಳವೂ ಹಾಗೇ ಇರುತ್ತದೆ. ಸೈಜು, ಬೆಲೆ, ಫಿಲ್ಟರ್ ಪಂಪು ಎಲ್ಲ ವಿಚಾರಿಸಿ, ನೆಲದ ವಿಷಯ ಮಾತ್ರ ಡಬ್ಬ ಬಂದ ದಿನಕ್ಕೆ ಬಿಡುವವರೇ ಜಾಸ್ತಿ.

ಮೊದಲು ಭಾರದ ಲೆಕ್ಕ ನೋಡೋಣ. 15 ಅಡಿ ಅಗಲ, 48 ಇಂಚು ಎತ್ತರದ ದುಂಡು ಪೂಲ್ ಸುಮಾರು 16,800 ಲೀಟರ್ ನೀರು ಹಿಡಿಯುತ್ತದೆ. ಅಂದರೆ ಹತ್ತಿರ ಹತ್ತಿರ 17 ಟನ್. 12 ಅಡಿ ಅಗಲ, 30 ಇಂಚು ಎತ್ತರದ್ದಾದರೆ 6,500 ಲೀಟರ್. 18 ಅಡಿ, 48 ಇಂಚಿನದ್ದು 24,000 ಲೀಟರ್ ದಾಟುತ್ತದೆ. 17 ಟನ್ ಅಂದ ಕೂಡಲೇ ಹೆದರಿ ಕಾಂಕ್ರೀಟ್ ಹಾಕಿಸಲು ಹೊರಡಬೇಡಿ. ಅಷ್ಟಗಲ ಹರಡಿದ ಮೇಲೆ ಚದರ ಅಡಿಗೆ ಬೀಳುವುದು ಸುಮಾರು 100 ಕೆಜಿ. ನೀವು ಒಂಟಿ ಕಾಲಲ್ಲಿ ನಿಂತರೆ ಪಾದದ ಕೆಳಗೆ ಬೀಳುವ ಒತ್ತಡ ಇದಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ. ಗಟ್ಟಿ ಕೆಂಪು ಮಣ್ಣಿಗೆ ಈ ಭಾರ ಏನೇನೂ ಅಲ್ಲ. ತೊಂದರೆ ಶುರುವಾಗುವುದು ನೆಲ ಒಂದು ಕಡೆ ಕೂತು ಇನ್ನೊಂದು ಕಡೆ ಕೂರದೇ ಇದ್ದಾಗ.

ನೀರು ಯಾವಾಗಲೂ ಮಟ್ಟವಾಗಿಯೇ ನಿಲ್ಲುತ್ತದೆ, ಪೂಲ್ ಓರೆಯಾಗಿದ್ದರೂ ಸಹ. ಹಾಗಾಗಿ ತಗ್ಗಿನ ಕಡೆಯ ಗೋಡೆಗೆ ಆಳ ಜಾಸ್ತಿ ಸಿಗುತ್ತದೆ. ಆಳ ಶೇ. 10ರಷ್ಟು ಹೆಚ್ಚಿದರೆ ಗೋಡೆಯನ್ನು ಹೊರಕ್ಕೆ ತಳ್ಳುವ ಬಲ ಶೇ. 21ರಷ್ಟು ಹೆಚ್ಚುತ್ತದೆ. 48 ಇಂಚಿನ ಪೂಲ್‌ನಲ್ಲಿ ಎಲ್ಲ ಸರಿ ಇದ್ದಾಗಲೇ ಪ್ರತಿ ಮೀಟರ್ ಅಗಲದ ಗೋಡೆಯ ಮೇಲೆ 570 ಕೆಜಿಯಷ್ಟು ತಳ್ಳಾಟ ಇರುತ್ತದೆ. ಅದರ ಮೇಲೆ ಓರೆಯೂ ಸೇರಿದರೆ ಒಂದು ಕಾಲು ಒಳಕ್ಕೆ ಹೂತು, ಪಕ್ಕದ ಕಾಲು ಬಾಗಿ, ಕೊನೆಗೆ ಗೋಡೆ ಬಾಯಿ ಬಿಟ್ಟು ಅಷ್ಟೂ ನೀರು ಒಂದೇ ಸಲ ನುಗ್ಗಬಹುದು. ಪಕ್ಕದಲ್ಲಿ ಮಕ್ಕಳು ನಿಂತಿರುತ್ತಾರೆ ಅನ್ನುವುದನ್ನು ಮರೆಯಬೇಡಿ. ಒಂದು ತುದಿಯಿಂದ ಎದುರು ತುದಿಗೆ ಒಂದು ಇಂಚಿನೊಳಗೆ ವ್ಯತ್ಯಾಸ ಇದ್ದರೆ ಒಳ್ಳೆಯದು. ಎರಡು ಇಂಚು ದಾಟಿದರೆ ನೀರು ತುಂಬಲೇಬೇಡಿ.

ಉಬ್ಬು ಕಡಿಯಿರಿ, ತಗ್ಗು ತುಂಬಬೇಡಿ

ಯಾವ ವಸ್ತು ಆರಿಸಿದರೂ ಈ ಕೆಲಸ ತಪ್ಪುವುದಿಲ್ಲ. ಎತ್ತರದ ಕಡೆಯಿಂದ ಮಣ್ಣು ತೆಗೆದು ತಗ್ಗಿನ ಮಟ್ಟಕ್ಕೆ ತರಬೇಕು. ಎಲ್ಲರಿಗೂ ಸುಲಭ ಕಾಣುವುದು ಇದರ ಉಲ್ಟಾ: ತಗ್ಗಿಗೆ ಒಂದು ಲೋಡ್ ಮಣ್ಣೋ ಮರಳೋ ಸುರಿದು ಸಮ ಮಾಡುವುದು. ಹೊಸದಾಗಿ ತುಂಬಿದ ಮಣ್ಣು ನೀರು ಕುಡಿದಂತೆಲ್ಲ ಕೂರುತ್ತಲೇ ಇರುತ್ತದೆ. ಮನೆ ಕಟ್ಟಿದವರಿಗೆ ಇದು ಗೊತ್ತೇ ಇರುತ್ತದೆ, ಬೇಸ್‌ಮೆಂಟಿಗೆ ತುಂಬಿದ ಮಣ್ಣನ್ನು ನೀರು ಬಿಟ್ಟು, ದಮ್ಮಸ್ ಮಾಡಿ, ಕೂರಲು ಬಿಟ್ಟ ಮೇಲೇ ಅಲ್ವಾ ನೆಲಹಾಸು ಹಾಕುವುದು? ತುಂಬಲೇಬೇಕಾದರೆ ಗರಸು (ಸಣ್ಣ ಕಲ್ಲು ಬೆರೆತ ಮಣ್ಣು) ತಂದು, ನಾಲ್ಕರಿಂದ ಆರು ಇಂಚಿನ ಪದರ ಪದರವಾಗಿ ಹಾಕಿ. ಪ್ರತಿ ಪದರಕ್ಕೂ ಹದವಾಗಿ ನೀರು ಚಿಮುಕಿಸಿ, ಪ್ಲೇಟ್ ಕಂಪ್ಯಾಕ್ಟರ್ (ನೆಲ ಕುಟ್ಟುವ ಯಂತ್ರ) ಓಡಿಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು, ಕೈಗೆ ಕೆಸರು ಅಂಟಬಾರದು, ಅದೇ ಹದ. ಕಂಪ್ಯಾಕ್ಟರ್ ದಿನದ ಬಾಡಿಗೆಗೆ ಸಿಗುತ್ತದೆ. ಒಂದು ಅಡಿಗಿಂತ ಜಾಸ್ತಿ ತುಂಬಬೇಕಾದ ಜಾಗವಾದರೆ ನನ್ನ ಸಲಹೆ ಒಂದೇ: ಬೇರೆ ಜಾಗ ಹುಡುಕಿ.

ಜೆಸಿಬಿ ಕರೆಸುವುದಾದರೆ ಒಂದು ಎಚ್ಚರಿಕೆ. ಬಕೆಟ್ಟಿನ ಹಲ್ಲು ಕೆಳಗಿನ ಗಟ್ಟಿ ಮಣ್ಣನ್ನೂ ಸಡಿಲ ಮಾಡುತ್ತದೆ. ಕೊನೆಯ ಮೂರು ಇಂಚನ್ನು ಸನಿಕೆ, ಗುದ್ದಲಿಯಲ್ಲಿ ಕೈಯಿಂದಲೇ ಕೆರೆಸಿ. ಹಾಗೆ ಸಿಗುವ ಕದಡದ ನೆಲಕ್ಕಿಂತ ಒಳ್ಳೆಯ ತಳಪಾಯ ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಮಟ್ಟ ನೋಡಲು ಮೇಸ್ತ್ರಿಗಳ ನೀರಿನ ಟ್ಯೂಬ್ ಸಾಕು. ನಡುವೆ ಒಂದು ಗೂಟ ಹೊಡೆಯಿರಿ. 15 ಅಡಿ ಪೂಲ್‌ಗೆ ಎಂಟೂವರೆ ಅಡಿ ದಾರ ಕಟ್ಟಿ ಸುತ್ತಲೂ ಸುಣ್ಣದ ಪುಡಿಯಲ್ಲಿ ಗೆರೆ ಹಾಕಿ, ಕಾಲುಗಳು ಹೊರಗೆ ಚಾಚಿಕೊಳ್ಳುವುದರಿಂದ ಆ ಜಾಗ ಬೇಕು. ಗೆರೆಯ ಮೇಲೆ ಎಂಟು ಕಡೆ ಗೂಟ ಹೊಡೆದು, ಟ್ಯೂಬ್ ಹಿಡಿದು ಎಲ್ಲದಕ್ಕೂ ಒಂದೇ ಮಟ್ಟದ ಗುರುತು ಹಾಕಿ, ಗುರುತಿನಿಂದ ನೆಲಕ್ಕೆ ಟೇಪ್‌ನಲ್ಲಿ ಅಳೆಯುತ್ತಾ ಹೋಗಿ. ಟ್ಯೂಬಿನಲ್ಲಿ ಗಾಳಿಗುಳ್ಳೆ ಇದ್ದರೆ ಅಳತೆಯೇ ತಪ್ಪುತ್ತದೆ, ಮೊದಲು ಅದನ್ನು ನೋಡಿಕೊಳ್ಳಿ. ಕೆರೆಯುವಾಗ ಎಂಟು ಅಡಿಯ ನೇರವಾದ ಅಲ್ಯೂಮಿನಿಯಂ ಪಟ್ಟಿಯ ಒಂದು ತುದಿಯನ್ನು ನಡುಗೂಟಕ್ಕೆ ತಾಗಿಸಿ, ಮೇಲೆ ರಸಮಟ್ಟ ಇಟ್ಟು ಸುತ್ತಲೂ ತಿರುಗಿಸಿದರೆ ಎಲ್ಲಿ ಉಬ್ಬು ಉಳಿದಿದೆ ಅಂತ ಕಣ್ಣಿಗೇ ಕಾಣುತ್ತದೆ.

ಹುಲ್ಲನ್ನು ಬೇರು ಸಮೇತ ತೆಗೆಯಲೇಬೇಕು. ಗರಿಕೆ, ಜೇಕು ಎರಡೂ ಮಹಾ ಹಟಮಾರಿಗಳು. ಜೇಕಿನ ಗಡ್ಡೆ ಒಳಗೆ ಉಳಿದರೆ ಅದರ ಚೂಪು ಮೊಳಕೆ ಲೈನರನ್ನು ತೂತು ಮಾಡಿ ಮೇಲೆ ಬರುತ್ತದೆ. ಮಲೆನಾಡಲ್ಲಿ ಬಿದಿರು ಮೆಳೆಯ ಹತ್ತಿರ ಪೂಲ್ ಇಡುವುದಂತೂ ಬೇಡವೇ ಬೇಡ.

ಈಗ ಒಂದೊಂದೇ ಆಯ್ಕೆ ನೋಡೋಣ

ಬರೀ ಮಣ್ಣು. ಬೆಂಗಳೂರು ಗ್ರಾಮಾಂತರ, ಕೋಲಾರ, ತುಮಕೂರು, ಮೈಸೂರು ಕಡೆಯ ಗಟ್ಟಿ ಕೆಂಪು ಮಣ್ಣಾದರೆ, 30 ಇಂಚು ಎತ್ತರದ ಚಿಕ್ಕ ಪೂಲ್ ಆದರೆ, ಬೇಸಿಗೆ ಮುಗಿದ ಮೇಲೆ ಮಡಚಿ ಇಡುವುದಾದರೆ, ಇದಕ್ಕಿಂತ ಜಾಸ್ತಿ ಖರ್ಚು ಸುಮ್ನೆ ದಂಡ. ಕೆರೆದು ಮಟ್ಟ ಮಾಡಿ, ಕಲ್ಲು ಆರಿಸಿ, ನೀರು ಚಿಮುಕಿಸಿ ದಮ್ಮಸ್ ಮಾಡಿ, ಮೇಲೆ ಒಂದು ದಪ್ಪ ಹಾಸು ಹಾಕಿದರೆ ಮುಗಿಯಿತು. ಪೂಲ್ ಪಕ್ಕದಲ್ಲಿ ನೀರು ಚೆಲ್ಲಿ ಕೆಸರಾಗುತ್ತದೆ, ಅದೊಂದೇ ತೊಂದರೆ. ಕಾಲುಗಳ ಬಳಿ ಕೆಸರಾದರೆ ಕಾಲು ಹೂತುಹೋಗುತ್ತದೆ, ಅದಕ್ಕೆ ಪರಿಹಾರ ಮುಂದೆ ಹೇಳುತ್ತೇನೆ.

ಮರಳು. ಎಲ್ಲರ ಬಾಯಲ್ಲೂ ಮೊದಲು ಬರುವುದು ಇದೇ. ನನಗೆ ಮಾತ್ರ ಇದರ ಮೇಲೆ ಅಷ್ಟು ನಂಬಿಕೆ ಇಲ್ಲ. ಮರಳು ಕಾಲಿಗೆ ಮೆತ್ತಗೆ, ಹರಡುವುದು ಸುಲಭ, ನಿಜ. ಆದರೆ ಮೆತ್ತಗಿರುವುದು ಜಾರುತ್ತದೆ ಕೂಡ. ಪೂಲ್ ಒಳಗೆ ಮಕ್ಕಳು ಕುಣಿದಂತೆಲ್ಲ ಹಿಮ್ಮಡಿಯ ಗುಳಿಗಳು ಬೀಳುತ್ತವೆ. ಒಂದು ಜೋರು ಮಳೆ ಬಂದರೆ ಅಂಚಿನ ಮರಳು ಕೊಚ್ಚಿಹೋಗುತ್ತದೆ, ಅಂಚಿನಲ್ಲೇ ಕಾಲುಗಳು ಇರುವುದು. ಇರುವೆ ಗೂಡು ಮಾಡುತ್ತದೆ, ಹೆಗ್ಗಣ ಬಿಲ ತೋಡುತ್ತದೆ. ತೋಟದ ಮನೆಯವರು ಹೆಗ್ಗಣದ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಬಿಲ ಕುಸಿದರೆ ಲೈನರ್ ಆ ಹಳ್ಳಕ್ಕೆ ಜಗ್ಗುತ್ತದೆ.

ಇನ್ನೊಂದು ಮಾತು, ಈಗ ಸುಲಭವಾಗಿ ಸಿಗುವುದು ಎಂ-ಸ್ಯಾಂಡ್, ಹೊಳೆ ಮರಳಲ್ಲ. ಹೊಳೆ ಮರಳಿನ ಕಾಳು ದುಂಡಗೆ, ಎಂ-ಸ್ಯಾಂಡಿನ ಕಾಳಿಗೆ ಮೂಲೆಗಳಿರುತ್ತವೆ. ಕಲ್ಲು ಒಡೆದು ಮಾಡಿದ್ದಲ್ವಾ. ಒಂದಕ್ಕೊಂದು ಕಚ್ಚಿಕೊಂಡು ಕೂರುವುದರಲ್ಲಿ ಅದು ವಾಸಿ, ಲೈನರ್‌ಗೆ ಉಜ್ಜುವುದರಲ್ಲಿ ಕೆಟ್ಟದು. ಮರಳೇ ಬೇಕೆಂದರೆ ಗಾರೆಗೆ ಬಳಸುವ ನಯವಾದ ಪಿ-ಸ್ಯಾಂಡ್ ತನ್ನಿ. ಗಟ್ಟಿ ನೆಲದ ಮೇಲೆ ಕೊನೆಯ ಒಂದು ಇಂಚಿಗೆ ಮಾತ್ರ ಹಾಕಿ, ಸುತ್ತಲೂ ಇಟ್ಟಿಗೆಯ ಅಂಚು ಕಟ್ಟಿ. ನಾಲ್ಕು ಇಂಚು ಮರಳು ಸುರಿದು ಓರೆ ಸರಿ ಮಾಡುತ್ತೇನೆ ಅನ್ನುವವರನ್ನು ದಯವಿಟ್ಟು ತಡೆಯಿರಿ.

ಕ್ರಷರ್ ಡಸ್ಟ್. ನನ್ನ ಓಟು ಇದಕ್ಕೆ. ಜಲ್ಲಿ ಕ್ರಷರ್‌ಗಳಲ್ಲಿ ಸಿಗುವ ಈ ಪುಡಿಯಲ್ಲಿ ಹಿಟ್ಟಿನಂಥ ನಯವಾದ ಭಾಗವೂ ಇರುತ್ತದೆ, ಸಣ್ಣ ಚೂರುಗಳೂ ಇರುತ್ತವೆ. ನೀರು ಹಾಕಿ ಕುಟ್ಟಿದರೆ ಎರಡೂ ಸೇರಿ ರಸ್ತೆಯಂತೆ ಗಟ್ಟಿಯಾಗುತ್ತದೆ. ಹಿಮ್ಮಡಿಗೆ ಗುಳಿ ಬೀಳುವುದಿಲ್ಲ, ಮಳೆಗೆ ಬೇಗ ಕೊಚ್ಚಿಹೋಗುವುದಿಲ್ಲ, ಹೆಗ್ಗಣಕ್ಕೆ ತೋಡಲು ಮರಳಿನಷ್ಟು ಸುಲಭವಲ್ಲ. ಮುಂದೆ ಪೂಲ್ ಬೇಡವಾದರೆ ಅದೇ ಜಾಗ ಕಾರು ನಿಲ್ಲಿಸಲು ಆಗುತ್ತದೆ. 17 ಅಡಿ ಅಗಲದ ದುಂಡಿಗೆ ಎರಡು ಇಂಚು ಹರಡಲು 38 ಘನ ಅಡಿ ಬೇಕು, ಕುಟ್ಟಿದಾಗ ಕುಗ್ಗುತ್ತದೆ, ಹಾಗಾಗಿ 50 ಹೇಳಿ. ಒಂದು ಟ್ರ್ಯಾಕ್ಟರ್ ಲೋಡಿನೊಳಗೆ ಮುಗಿಯುತ್ತದೆ. ಒಂದೊಂದೇ ಇಂಚು ಹಾಕಿ ಕುಟ್ಟಿಸಿ. ಮೇಲಿನ ಪದರಕ್ಕೆ ಜರಡಿ ಹಿಡಿದ ಡಸ್ಟ್ ಹಾಕಿದರೆ ಚೂಪು ಚೂರು ಲೈನರ್ ತನಕ ಬರುವುದಿಲ್ಲ. ಆದರೂ ಮೇಲೊಂದು ಹಾಸು ಬೇಕೇ ಬೇಕು, ಬರೀ ಡಸ್ಟ್ ಮೇಲೆ ಲೈನರ್ ಬಿಡಿಸಬೇಡಿ.

ಕಾಂಕ್ರೀಟ್. ವರ್ಷವಿಡೀ ಪೂಲ್ ಅಲ್ಲೇ ನಿಲ್ಲುತ್ತದೆ, ಅತಿಥಿಗಳು ಬಂದು ಹೋಗುತ್ತಲೇ ಇರುತ್ತಾರೆ ಅನ್ನುವ ಹೋಮ್‌ಸ್ಟೇಗೆ ಇದು ಸರಿ. ನಾಲ್ಕು ಇಂಚು ದಪ್ಪ, ಸಿಮೆಂಟ್, ಮರಳು, ಜಲ್ಲಿ 1:2:4 ಅಳತೆ, ಒಳಗೆ ಒಂದು ವೆಲ್ಡ್ ಮೆಶ್ (ಕಬ್ಬಿಣದ ಜಾಲರಿ). ಅದೇ 17 ಅಡಿ ದುಂಡಿಗೆ ಸಿಮೆಂಟ್ 13–14 ಮೂಟೆ ಹಿಡಿಯುತ್ತದೆ. ಕನಿಷ್ಠ ಏಳು ದಿನ ನೀರು ಕಟ್ಟಿ ಕ್ಯೂರಿಂಗ್ ಮಾಡಿ, ಪೂರ್ತಿ ಗಟ್ಟಿಯಾಗಲು 28 ದಿನ ಬಿಟ್ಟರೆ ಇನ್ನೂ ನೆಮ್ಮದಿ. ಒಂದು ವಿಷಯ ಮೇಸ್ತ್ರಿಗೆ ಮೊದಲೇ ಒತ್ತಿ ಹೇಳಿ. ನಮ್ಮ ಕಡೆ ಅಂಗಳಕ್ಕೆ, ಟೆರೇಸಿಗೆ ಕಾಂಕ್ರೀಟ್ ಹಾಕುವಾಗ ನೀರು ಹರಿದುಹೋಗಲಿ ಅಂತ ವಾಟ ಕೊಡುವುದು ಅವರಿಗೆ ಕೈಗೆ ಬಂದ ಅಭ್ಯಾಸ. ಪೂಲ್ ಕೆಳಗೆ ವಾಟ ಬೇಡ, ಪಕ್ಕಾ ಮಟ್ಟ ಬೇಕು. ವಾಟ ಏನಿದ್ದರೂ ಪೂಲ್‌ನ ಗೆರೆಯಿಂದ ಆಚೆಗೆ. ಹೇಳದಿದ್ದರೆ ಅವರು ತಮ್ಮ ಲೆಕ್ಕದಲ್ಲಿ ಒಳ್ಳೆಯ ಕೆಲಸ ಮಾಡಿ ಹೋಗಿರುತ್ತಾರೆ, ನಿಮ್ಮ ಪೂಲ್ ಮೂರು ಇಂಚು ಓರೆಯಾಗಿರುತ್ತದೆ. ಮೇಲ್ಮೈ ಒರಟು ಬಿಡಬೇಡಿ, ಕಬ್ಬಿಣದ ಕರಣೆಯಲ್ಲಿ ನಯವಾಗಿ ತಿಕ್ಕಿಸಿ. ಕಾಂಕ್ರೀಟಿನ ದೊಡ್ಡ ಕೊರತೆ ಎಂದರೆ ತಪ್ಪಾದರೆ ತಿದ್ದುವುದು ಕಷ್ಟ. ಡಸ್ಟ್ ಆದರೆ ಅರ್ಧ ದಿನದಲ್ಲಿ ಮತ್ತೆ ಕೆರೆಯಬಹುದು.

ಈಗಾಗಲೇ ಇಂಟರ್‌ಲಾಕ್ ಪೇವರ್ ಹಾಕಿರುವ ಅಂಗಳ ಇದ್ದರೆ ಟ್ಯೂಬ್ ಹಿಡಿದು ಅಳೆದು ನೋಡಿ. ಅಲ್ಲೂ ವಾಟ ಇರುತ್ತದೆ. ಹೊಸದಾಗಿ ಪೂಲ್‌ಗೆಂದೇ ಪೇವರ್ ಹಾಕಿಸುವುದರಲ್ಲಿ ನನಗೆ ಲಾಭ ಕಾಣುವುದಿಲ್ಲ, ಕೆಳಗಿನ ಪದರ ಹೇಗೂ ಡಸ್ಟೇ.

ಟೆರೇಸ್ ಮೇಲೆ ಇಡಬಹುದಾ ಅಂತ ಬೆಂಗಳೂರಿನವರು ಖಂಡಿತ ಕೇಳುತ್ತಾರೆ. ಇಡಬೇಡಿ. ಜನ ಓಡಾಡುವ ಸಪಾಟು ಛಾವಣಿಗೆ ಐಎಸ್ 875 (ಕಟ್ಟಡಗಳ ಭಾರದ ಲೆಕ್ಕಕ್ಕಿರುವ ಭಾರತೀಯ ಮಾನದಂಡ) ಪ್ರಕಾರ ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 150 ಕೆಜಿ. 30 ಇಂಚಿನ ಚಿಕ್ಕ ಪೂಲ್ ಕೂಡ ಅದೇ ಚದರ ಮೀಟರಿಗೆ 600 ಕೆಜಿ ದಾಟುತ್ತದೆ. ನಾಲ್ಕು ಪಟ್ಟಿಗೂ ಜಾಸ್ತಿ. ಸ್ಟ್ರಕ್ಚರಲ್ ಇಂಜಿನಿಯರ್ ನಿಮ್ಮ ಕಟ್ಟಡದ ಡ್ರಾಯಿಂಗ್ ನೋಡಿ ಬರೆದು ಕೊಡದ ಹೊರತು ಈ ಯೋಚನೆಯನ್ನೇ ಬಿಟ್ಟುಬಿಡಿ. ಸೆಪ್ಟಿಕ್ ಟ್ಯಾಂಕ್, ಇಂಗುಗುಂಡಿ, ಸಂಪ್ ಇವುಗಳ ಮೇಲಿನ ಚಪ್ಪಡಿಗೂ ಇದೇ ಮಾತು. ಹಳೇ ಗುಂಡಿ ಎಲ್ಲಿ ಮುಚ್ಚಿದ್ದಾರೆ ಅಂತ ಮನೆಯ ಹಿರಿಯರನ್ನು ಕೇಳಿ ತಿಳಿದುಕೊಳ್ಳಿ.

ನಿಮ್ಮ ಊರಿನ ಮಣ್ಣು ಏನು ಹೇಳುತ್ತದೆ

ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರ, ಕಲಬುರಗಿ, ರಾಯಚೂರು ಕಡೆಯ ಎರೆ ಭೂಮಿಯವರು (ಕಪ್ಪು ಮಣ್ಣಿನವರು) ಈ ಭಾಗ ನಿಧಾನವಾಗಿ ಓದಿ. ಎರೆ ಮಣ್ಣು ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಒಣ ಎರೆಯ ಮೇಲೆ ಮಟ್ಟವಾಗಿ ಕೂರಿಸಿದ ಪೂಲ್‌ನ ಅಂಚಿಗೆ ದಿನವೂ ನೀರು ಚೆಲ್ಲುತ್ತದೆ. ಅಂಚು ಉಬ್ಬುತ್ತದೆ, ನಡುವಿನ ಮಣ್ಣು ಒಣಗಿಯೇ ಇರುತ್ತದೆ. ನೇರವಾಗಿ ಎರೆಯ ಮೇಲೆ ತೆಳು ಕಾಂಕ್ರೀಟ್ ಹಾಕಿದರೆ ಅದೂ ಸೀಳುತ್ತದೆ. ಇಲ್ಲಿ ಒಂದರಿಂದ ಒಂದೂವರೆ ಅಡಿ ಎರೆ ತೆಗೆದುಹಾಕಿ, ಗರಸು ತುಂಬಿ ಪದರ ಪದರವಾಗಿ ಕುಟ್ಟಿಸಬೇಕು. ಪೂಲ್‌ಗಿಂತ ಎರಡು ಮೂರು ಅಡಿ ಹೊರಗೂ ಅದೇ ಗರಸು ಇರಲಿ. ತುಂಬಬೇಡಿ ಅಂತ ಮೇಲೆ ಹೇಳಿದ್ದೆ. ಎರೆ ಭೂಮಿಯಲ್ಲಿ ಮಾತ್ರ ತುಂಬಲೇಬೇಕು, ಏಕೆಂದರೆ ಅಲ್ಲಿ ಮೂಲ ಮಣ್ಣೇ ಅಲುಗಾಡುತ್ತದೆ. ತುಂಬುವುದನ್ನು ಎಲ್ಲ ಕಡೆಗೂ ಒಂದೇ ದಪ್ಪಕ್ಕೆ ತುಂಬಿ, ಆಗ ಕೂತರೂ ಸಮವಾಗಿ ಕೂರುತ್ತದೆ.

ಮಲೆನಾಡು, ಕೊಡಗಿನಲ್ಲಿ ಸಮಸ್ಯೆ ಮಣ್ಣಿಗಿಂತ ಇಳಿಜಾರಿನದ್ದು. ನೂರಕ್ಕೆ ಐದರ ಇಳಿಜಾರು ಕಣ್ಣಿಗೆ ಗೊತ್ತೇ ಆಗುವುದಿಲ್ಲ, ಆದರೆ 15 ಅಡಿಗೆ ಅದು ಒಂಬತ್ತು ಇಂಚು. ಗುಡ್ಡದ ಕಡೆ ಅರ್ಧ ಕಡಿದು, ಅದೇ ಮಣ್ಣನ್ನು ಕಣಿವೆಯ ಕಡೆ ಹಾಕಿ ಸಪಾಟು ಮಾಡುವುದು ಅಲ್ಲಿನ ರೂಢಿ. ಪೂಲ್‌ನ ಅರ್ಧ ಗಟ್ಟಿ ನೆಲದ ಮೇಲೆ, ಇನ್ನರ್ಧ ಸಡಿಲ ಮಣ್ಣಿನ ಮೇಲೆ ಕೂತರೆ ಮೊದಲ ಮಳೆಗಾಲದಲ್ಲೇ ಓರೆಯಾಗುತ್ತದೆ. ಅತಿಥಿಗಳಿಗೆ ಕಣಿವೆ ಕಾಣಲಿ ಅಂತ ಪೂಲನ್ನು ಆ ತುದಿಯಲ್ಲೇ ಇಡುವ ಆಸೆ ಎಲ್ಲರಿಗೂ ಇರುತ್ತದೆ, ನನಗೆ ಅರ್ಥವಾಗುತ್ತದೆ. ಆದರೆ 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದನ್ನು ನೋಡಿದ ಮೇಲೆ ಹೊಸ ಮಣ್ಣಿನ ತುದಿಯಲ್ಲಿ 17 ಟನ್ ನೀರು ಇಡುವ ಧೈರ್ಯ ಯಾರಿಗೂ ಬೇಡ. ಪೂರ್ತಿ ಕಡಿದ ಭಾಗದಲ್ಲೇ ಪೂಲ್ ಇಡಿ. ಧರೆಗೂ (ಕಡಿದಾಗ ಉಳಿಯುವ ಮಣ್ಣಿನ ಗೋಡೆ) ಪೂಲ್‌ಗೂ ಮಧ್ಯೆ ಧರೆಯ ಎತ್ತರದಷ್ಟಾದರೂ ಜಾಗ ಬಿಡಿ. ಮೇಲಿಂದ ಬರುವ ನೀರು ಪೂಲ್ ಸುತ್ತಿ ಹೋಗುವಂತೆ ಬಸಿಗಾಲುವೆ ತೆಗೆಯಿರಿ. ಈ ಮಳೆಗೆ ಮರಳು ನಿಲ್ಲುವುದಿಲ್ಲ, ಡಸ್ಟ್ ಅಥವಾ ಕಾಂಕ್ರೀಟ್ ಎರಡೇ ದಾರಿ.

ಕರಾವಳಿಯಲ್ಲಿ ಮುರಕಲ್ಲಿನ (ಜಂಬಿಟ್ಟಿಗೆ) ನೆಲ ಸಿಕ್ಕರೆ ಅದೃಷ್ಟ, ಅದು ಕೂರುವ ಮಾತೇ ಇಲ್ಲ. ಮೇಲಿನ ಚೂಪು ಉಬ್ಬು ಮಾತ್ರ ಕೆತ್ತಿಸಿ, ಎರಡು ಇಂಚು ಡಸ್ಟ್ ಹಾಕಿ. ಸಮುದ್ರದ ಬದಿಯ ಹೊಯಿಗೆ (ಮರಳು) ನೆಲವಾದರೆ ಕಾಲುಗಳ ಕೆಳಗೆ ದೊಡ್ಡ ಚಪ್ಪಡಿ ಕೊಡಿ. ತೆಂಗಿನ ಮರದ ಕೆಳಗೆ ಯಾವ ಊರಲ್ಲೂ ಬೇಡ.

ಕಾಲಿನ ಕೆಳಗೆ, ಲೈನರ್ ಕೆಳಗೆ

ಕಾಂಕ್ರೀಟ್ ಬಿಟ್ಟು ಬೇರೆ ಏನೇ ಆರಿಸಿದರೂ ಪ್ರತಿ ಕಾಲಿನ ಕೆಳಗೂ ಒಂದು ಅಡಿ ಚೌಕದ, ಎರಡು ಇಂಚು ದಪ್ಪದ ಕಲ್ಲು ಇಡಿ. ಸಾದರಹಳ್ಳಿ ಕಲ್ಲಾಗಲಿ, ಶಹಾಬಾದ್ ಆಗಲಿ, ಸಿಮೆಂಟ್ ಚಪ್ಪಡಿಯಾಗಲಿ, ಹತ್ತಿರ ಸಿಗುವುದು ಸಾಕು. ಅದನ್ನು ನೆಲದ ಮೇಲೆ ಇಡಬೇಡಿ, ನೆಲಕ್ಕೆ ಸಮನಾಗಿ ಹೂಳಿ. ಮೇಲೆ ಇಟ್ಟರೆ ಎರಡು ಇಂಚು ಎತ್ತರವಾಗಿ ಕಾಲು ಗೋಡೆಯನ್ನು ಮೇಲೆ ಜಗ್ಗುತ್ತದೆ. ಎಲ್ಲ ಕಲ್ಲುಗಳ ಮಟ್ಟವನ್ನೂ ಟ್ಯೂಬ್ ಹಿಡಿದು ಒಂದಕ್ಕೊಂದು ತಾಳೆ ನೋಡಿ. ಇಡೀ ಕೆಲಸದಲ್ಲಿ ಅರ್ಧ ದಿನ ಇದಕ್ಕೇ ಹೋದರೂ ಪರವಾಗಿಲ್ಲ, ಪೂಲ್ ನೆಟ್ಟಗೆ ನಿಲ್ಲುವುದು ಇದರ ಮೇಲೆ.

ಲೈನರ್ ಕೆಳಗಿನ ಹಾಸಾಗಿ ಎಕ್ಸ್‌ಪಿಎಸ್ (ಗಟ್ಟಿ ಫೋಮ್) ಬೋರ್ಡ್ ಎಲ್ಲಕ್ಕಿಂತ ಚೆನ್ನಾಗಿರುತ್ತದೆ, ಛಾವಣಿಯ ಬಿಸಿ ತಡೆಯಲು ಹಾಕುವ ಅದೇ ಬೋರ್ಡ್. ಜೋಡಿಸಿದ ಸಂದುಗಳಿಗೆ ಟೇಪ್ ಹಚ್ಚಿ. ಅಷ್ಟು ಬೇಡವೆಂದರೆ ಹಳೇ ಫ್ಲೆಕ್ಸ್ ಬ್ಯಾನರ್ ಎರಡು ಪದರ, ಅದರ ಮೇಲೆ ಫೋಮ್ ಶೀಟ್. ಬ್ಯಾನರಿನ ಅಂಚಿನ ಲೋಹದ ರಿಂಗು ಕತ್ತರಿಸಿ ತೆಗೆದಿರಬೇಕು. ಭತ್ತದ ಹುಲ್ಲು, ರಟ್ಟು, ತೆಂಗಿನ ನಾರಿನ ಚಾಪೆ ಇವು ಯಾವುದೂ ಬೇಡ, ಕೊಳೆತು ಗೆದ್ದಲು ಕರೆಯುತ್ತವೆ.

ನೀರು ಬಿಡುವಾಗ ಒಂದೇ ಸಲ ತುಂಬಬೇಡಿ. ತಳದಲ್ಲಿ ಎರಡು ಇಂಚು ನೀರು ಬಂದ ಕೂಡಲೇ ನಿಲ್ಲಿಸಿ, ತಳದ ಸುಕ್ಕು ಬಿಡಿಸಿ, ನೀರು ಒಂದೇ ಕಡೆ ಸೇರುತ್ತಿದೆಯಾ ನೋಡಿ. ಒಂದು ಅಡಿಗೆ ಮತ್ತೆ ನಿಲ್ಲಿಸಿ, ಸುತ್ತಲೂ ನಾಲ್ಕು ಕಡೆ ನೀರಿನಿಂದ ಮೇಲಂಚಿಗೆ ಎಷ್ಟಿದೆ ಅಂತ ಅಳೆಯಿರಿ. ವ್ಯತ್ಯಾಸ ಒಂದು ಇಂಚು ದಾಟಿದರೆ ಆಗಲೇ ಖಾಲಿ ಮಾಡಿ ಸರಿ ಮಾಡಿ. ಪೂರ್ತಿ ತುಂಬಿದ ಮೇಲೆ ಗೊತ್ತಾದರೆ ಮೂರು ಟ್ಯಾಂಕರ್ ನೀರು ಚೆಲ್ಲಬೇಕಾಗುತ್ತದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನೇ ನಿಷೇಧಿಸಿತ್ತು, ಬೇಸಿಗೆಯಲ್ಲಿ ನೀರಿನ ಕಷ್ಟ ಅಷ್ಟಿರುತ್ತದೆ. ರಾತ್ರಿ ಒಂದು ಅಡಿ ನೀರಲ್ಲೇ ಬಿಟ್ಟು, ಬೆಳಿಗ್ಗೆ ಎದ್ದು ಅದೇ ನಾಲ್ಕು ಕಡೆ ಇನ್ನೊಮ್ಮೆ ಅಳೆದು, ಅಳತೆ ಬದಲಾಗಿಲ್ಲ ಎಂದರೆ ಉಳಿದದ್ದನ್ನು ತುಂಬಿ. ಮೊದಲ ವಾರ ದಿನವೂ ಕಾಲುಗಳ ಬುಡ ನೋಡಿ, ಜೋರು ಮಳೆ ಬಂದ ಮರುದಿನ ತಪ್ಪದೇ ನೋಡಿ. ಯಾವುದಾದರೂ ಕಲ್ಲು ಒಂದು ಕಡೆಗೆ ವಾಲಿದ್ದು ಕಂಡರೆ ಮಕ್ಕಳನ್ನು ಇಳಿಸದೆ ಮೊದಲು ನೀರನ್ನು ಅರ್ಧಕ್ಕೆ ಇಳಿಸಿ.